ಒಂದನ್ನೇ ಹಿಡ್ಕೊಂಡಿದ್ರೆ ಎಲ್ಲೋ ಇರ್ತಿದ್ರಿ, ಅಲ್ವಾ?

ದಾವಣಗೆರೆಯಲ್ಲಿ ನನ್ನನ್ನು ಸ್ವಲ್ಪ ಬಲ್ಲವರೆಲ್ಲ ಇದನ್ನು ಒಂದಲ್ಲ ಒಂದು ಸಲ ಕೇಳಿದ್ದಾರೆ. ತಬಲಾ ಕಲಿತೆ, ಬಿಟ್ಟೆ. ಕ್ಯಾಮೆರಾ ಹಿಡಿದೆ, ಅದೂ ಬೀರು ಸೇರಿತು. ಆಮೇಲೆ ಶಾಸನ ಓದುವ ಹುಚ್ಚು ಹತ್ತಿತು, ಇಳಿಯಿತು. ಈಗ ಐವತ್ತರ ಹತ್ತಿರ ಬಂದಿದ್ದೇನೆ. "ಯಾವುದಾದ್ರೂ ಒಂದನ್ನೇ ಹಿಡ್ಕೊಂಡಿದ್ರೆ ಎಲ್ಲೋ ಇರ್ತಿದ್ರಿ ಸಾರ್, ಬೇಜಾರಾಗಲ್ವಾ?" ಅಂತಾರೆ.

ಆಗುತ್ತೆ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ.

"ಎಲ್ಲೋ ಇರ್ತಿದ್ರಿ" ಅನ್ನೋ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಹತ್ತು ಸಾವಿರ ಗಂಟೆ ಕೂತರೆ ಯಾರು ಬೇಕಾದರೂ ಪಂಡಿತರಾಗಬಹುದು ಅಂತಾರಲ್ಲ, ಆ ಅಂಕಿಯ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದ ಲೇಖನ. ಅಲ್ಲಿನ ಅತ್ಯುತ್ತಮ ವಿದ್ಯಾರ್ಥಿಗಳು ಇಪ್ಪತ್ತು ವರ್ಷಕ್ಕೆ ಬರುವ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಅದು, ಅಷ್ಟೇ. ಅಷ್ಟು ಮಾಡಿದವರೆಲ್ಲ ದೊಡ್ಡವರಾಗ್ತಾರೆ ಅಂತ ಅಲ್ಲ. ನನ್ನ ಹಾಗೆ ಆಫೀಸು ಮುಗಿಸಿ ದಿನಕ್ಕೊಂದು ಗಂಟೆ ಕೂತರೆ 27 ವರ್ಷ ಬೇಕು.

ನಾಟಕ ಹಿಡಿದು ಹೆಸರು ಮಾಡಿದ ನಮ್ಮೂರಿನ ರಂಗನಟಿ ಚಿಂದೋಡಿ ಲೀಲಾ ಅವರನ್ನೇ ನೋಡಿ. ತಂದೆ ವೀರಪ್ಪನವರದೇ ನಾಟಕ ಕಂಪನಿ. ಆ ತಾಯಿಯ ದುಡಿಮೆ ಸಣ್ಣದು ಅಂತ ಹೇಳ್ತಿಲ್ಲ, ಆದರೆ ಮನೆಯೇ ಕಂಪನಿಯಾಗಿದ್ದಾಗ ನಾಟಕ ಬಿಡಬೇಕು ಅಂದರೆ ಮನೆಯನ್ನೇ ಬಿಡಬೇಕು. ನಾನು ತಬಲಾ ಬಿಟ್ಟಿದ್ದು ನಮ್ಮ ಮನೇಲಿ ಯಾರಿಗೂ ಗೊತ್ತೇ ಆಗಲಿಲ್ಲ; ಈಚೆಗೆ ಮಧ್ಯಾಹ್ನ ಒಳ್ಳೆ ನಿದ್ದೆ ಬರ್ತಿದೆ ಅಂದರು ಅಮ್ಮ.

ಹಾಗಾಗಿ ಹೆಸರು ಬರಲಿಲ್ಲ ಅಂತ ನನಗೆ ಕೊರಗಿಲ್ಲ. ನನ್ನ ಹೊಟ್ಟೆಕಿಚ್ಚು ಬೇರೆ ಕಡೆ ಇದೆ. ನನ್ನ ಜೊತೆಗೇ ತಬಲಾಕ್ಕೆ ಸೇರಿದ ಗೆಳೆಯನೊಬ್ಬ ಬಿಡದೆ ನುಡಿಸಿಕೊಂಡು ಬಂದ. ಅವನೂ "ಎಲ್ಲೂ" ಹೋಗಿಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡ್ತಾನೆ, ಗಣಪತಿ ಹಬ್ಬದಲ್ಲಿ ಭಜನೆಗೆ ಸಾಥ್ ಕೊಡ್ತಾನೆ. ಆದರೆ ಸಂಗೀತ ಕಛೇರಿ ಕೇಳೋಕೆ ಅವನ ಪಕ್ಕ ಕೂತರೆ ನನಗೆ ಸಂಕಟ. ತೀನ್ ತಾಲದ 16 ಮಾತ್ರೆ ನಾನೂ ಎಣಿಸಬಲ್ಲೆ, ಒಂಬತ್ತನೆಯದು ಖಾಲಿ, ಅಂದರೆ ಚಪ್ಪಾಳೆ ಇಲ್ಲದ್ದು ಅಂತ ಗೊತ್ತು, ತಿಹಾಯಿ, ಅಂದರೆ ಮೂರು ಸಲ ನುಡಿಸೋ ಒಂದೇ ತುಣುಕು, ಸಮಕ್ಕೆ, ತಾಳದ ಮೊದಲ ಮಾತ್ರೆಗೆ, ಬಂದು ಬಿದ್ದಾಗ ತಲೆಯನ್ನೂ ಆಡಿಸ್ತೀನಿ. ಅವನು ಅದಕ್ಕಿಂತ ಎಷ್ಟೋ ಮೊದಲೇ ಸುಮ್ನೆ ನಗ್ತಾನೆ. ಯಾಕೆ ನಕ್ಕ ಅಂತ ನನಗೆ ಗೊತ್ತಾಗಲ್ಲ. ಕೇಳಿದರೆ ಹೇಳ್ತಾನೆ, ಪಾಪ, ಅಷ್ಟರಲ್ಲಿ ಅದು ಮುಗಿದುಹೋಗಿರುತ್ತೆ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇದೇ ಕಥೆ. ಅಲ್ಲಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕೆರೆಯ ವಿಷಯ. ಹುಚ್ಚು ಏರಿದ್ದ ಕಾಲದಲ್ಲಿ ಬ್ರಾಹ್ಮಿಯ ಅಕ್ಷರಮಾಲೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪುಸ್ತಕದಲ್ಲಿ ಚೆನ್ನಾಗಿ ಕಾಣೋ ಅಕ್ಷರ ಬಂಡೆಯ ಮೇಲೆ ಎಲ್ಲಿ ಶುರುವಾಗುತ್ತೆ, ಬಿರುಕು ಎಲ್ಲಿ ಮುಗಿಯುತ್ತೆ, ಒಂದೂ ತಿಳಿಯಲಿಲ್ಲ. ಎಷ್ಟೋ ವರ್ಷ ಬಂಡೆ ನೋಡುತ್ತಾ ಬಂದವರ ಕಣ್ಣಿಗೆ ಅದು ಸಾಲುಸಾಲಾಗಿ ಕಾಣುತ್ತೆ. ಬಂಡೆ ಅದೇ, ಬಿಸಿಲೂ ಅದೇ. ನಾನು ಫೋಟೋ ತೆಗೆದುಕೊಂಡು ಬಂದೆ.

ನನಗೆ ಬೇಜಾರು ಇದರದ್ದು. ಸನ್ಮಾನ, ಶಾಲು, ಹಾರ ತಪ್ಪಿದ್ದಕ್ಕಲ್ಲ.

"ಈಗಲಾದರೂ ಒಂದನ್ನು ಹಿಡಿಯಿರಿ" ಅಂತಾರೆ ಕೆಲವರು. ನೋಡೋಣ. ಹಿಡಿದರೆ ತಬಲಾನೇ, ಆ ನಗು ಯಾಕೆ ಅಂತ ತಿಳಿಯೋವರೆಗೆ.

ಇನ್ನೊಂದು ಮಾತು, ಈ ಪ್ರಶ್ನೆ ಕೇಳೋರಲ್ಲಿ ಜಾಸ್ತಿ ಜನ ಪಕ್ಕದಲ್ಲಿ ಹತ್ತು ವರ್ಷದ ಮಗುವನ್ನು ನಿಲ್ಲಿಸಿಕೊಂಡಿರ್ತಾರೆ, ಅದು ಮೊನ್ನೆ ತಾನೇ ಚೆಸ್ಸೋ ಕರಾಟೆಯೋ ಬಿಟ್ಟಿರುತ್ತೆ, ನನ್ನ ಉತ್ತರ ಅದರ ಕಿವಿಗೆ ಬೀಳಲಿ ಅಂತ ಆಸೆ. ದಯವಿಟ್ಟು ಆ ಕೆಲಸಕ್ಕೆ ನನ್ನನ್ನು ಬಳಸಬೇಡಿ. ಯಾಕೆ ಬಿಟ್ಟೆ ಅಂತ ಮಗುವನ್ನೇ ಕೇಳಿ. ಎಷ್ಟೋ ಸಲ ಅದಕ್ಕೆ ಬೇಡವಾಗಿರೋದು ಚೆಸ್ ಅಲ್ಲ, ಆ ಮೇಷ್ಟ್ರು.