ಅಣ್ಣತಮ್ಮಂದಿರು ಬೇರೆಯಾದರೆ ದೇವರು ಯಾರ ಪಾಲಿಗೆ?

ಹಿಸ್ಸೆಯ ಮಾತು ಬಂದ ಮನೆಗಳಲ್ಲೆಲ್ಲ ಕೇಳುವ ಪ್ರಶ್ನೆ ಇದು: "ಜಮೀನು, ಒಡವೆ ಹೇಗೋ ಹಂಚಿಕೊಂಡೆವು. ದೇವರನ್ನೇನು ಮಾಡೋಣ?" ನನ್ನ ಉತ್ತರ: ದೇವರನ್ನು ಹಂಚಬೇಡಿ, ಪೂಜೆಯನ್ನು ಹಂಚಿಕೊಳ್ಳಿ. ಬೆಳ್ಳಿಯ ಲೆಕ್ಕವನ್ನು ಎರಡರಿಂದಲೂ ದೂರ ಇಡಿ.

ಕಾನೂನು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಮನೆತನದ ವಿಗ್ರಹ ಹೊಲದಂತೆ ಭಾಗವಾಗುವ ಸ್ವತ್ತಲ್ಲ. ಸರದಿಯ ಮೇಲೆ ಪೂಜಿಸಬಹುದು. ತನ್ನ ಸರದಿ ಬಂದಾಗ ದೇವರನ್ನು ತನ್ನ ಮನೆಗೆ ಒಯ್ಯಬಹುದೇ ಎಂಬ ಕಲ್ಕತ್ತೆಯ ಮಲ್ಲಿಕ್ ಮನೆತನದ ಜಗಳ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿತ್ತು. ವಿಗ್ರಹ ಬರಿಯ ಚರಾಸ್ತಿಯಲ್ಲ, ಎಲ್ಲಿರಬೇಕೆಂಬುದರಲ್ಲಿ ದೇವರ ಇಚ್ಛೆಗೂ ಬೆಲೆ ಇದೆ, ಅದನ್ನು ಹೇಳಲು ಜಗಳದಲ್ಲಿ ಪಾಲಿಲ್ಲದ ಒಬ್ಬರು ಬೇಕು ಎಂದಿತು 1925ರ ಆ ತೀರ್ಪು. ನಮ್ಮ ಮನೆಗಳಿಗೂ ಆ ಕೊನೆಯ ಮಾತು ಒಪ್ಪುತ್ತದೆ: ಸೋದರಮಾವನನ್ನೋ ಪುರೋಹಿತರನ್ನೋ ನಡುವೆ ಕೂರಿಸಿಕೊಳ್ಳಿ.

ಸಾಲಿಗ್ರಾಮಗಳಿಗೆ ಪ್ರಾಣಪ್ರತಿಷ್ಠೆ ಇಲ್ಲ, ಹಾಗಾಗಿ ಹಂಚುವುದು ಸುಲಭ ಎಂದುಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಒಂದನ್ನು ಪೂಜಿಸಬಹುದು, ಇಲ್ಲವೇ ಸಮಸಂಖ್ಯೆಯಲ್ಲಿರಬೇಕು. ಅದರಲ್ಲೂ ಎರಡು ಕೂಡದು ಎಂಬ ನಿಯಮವಿದೆ. ಎಂಟಿದ್ದರೆ ನಾಲ್ಕು ನಾಲ್ಕು, ಐದಿದ್ದರೆ ನಾಲ್ಕು ಮತ್ತು ಒಂದು. ನಾಲ್ಕೋ ಆರೋ ಇದ್ದರೆ ಇಬ್ಬರ ನಡುವೆ ಹೇಗೆ ಕೂಡಿ ಕಳೆದರೂ ಶಾಸ್ತ್ರಕ್ಕೆ ಹೊಂದುವುದಿಲ್ಲ. ಅಂಥಲ್ಲಿ ಸಂಪುಟ ಒಡೆಯದೆ ಒಂದೇ ಮನೆಯಲ್ಲಿ ಬಿಡುವುದು ಲೇಸು. (ಇಷ್ಟಲಿಂಗದವರಿಗೆ ಈ ತಲೆನೋವೇ ಇಲ್ಲ, ದೀಕ್ಷೆಯಲ್ಲಿ ಅವರವರದು ಅವರವರಿಗೆ.)

ನಿಜವಾದ ಜಗಳ ಇರುವುದು ಪೀಠದ ಸುತ್ತಲಿನ ಬೆಳ್ಳಿಯಲ್ಲಿ. ದೀಪದ ಕಂಬ, ಮಂಟಪ, ಕವಚ ಎಲ್ಲವನ್ನೂ ಒಂದೇ ದಿನ, ಎಲ್ಲರೆದುರು ತೂಗಿಸಿ. ಪ್ರತಿಯೊಂದರ ಫೋಟೋ, ತೂಕ, ಯಾರ ಮನೆಯಲ್ಲಿರುತ್ತದೆ ಎಂಬುದನ್ನು ಬರೆದು ಅಕ್ಕತಂಗಿಯರ ಸಹಿಯನ್ನೂ ಹಾಕಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಅವರನ್ನು ಕೇಳದೆ ಬರೆದ ಪಟ್ಟಿ ಮುಂದೆ ಕೋರ್ಟಿನ ದಾರಿ ಹಿಡಿಯುತ್ತದೆ. ಪೂಜೆಯ ಖರ್ಚಿಗೆಂದು ಜಮೀನು ಬಿಡುವುದಾದರೆ ವಿಭಾಗಪತ್ರದಲ್ಲಿ ಸರ್ವೆ ನಂಬರಿನೊಂದಿಗೆ ಬರೆಸಿ ನೋಂದಾಯಿಸಿ. ನಗದಾದರೆ ಇಬ್ಬರ ಸಹಿ ಬೇಕಾದ ಜಂಟಿ ಠೇವಣಿ ಇಟ್ಟು, ಬಡ್ಡಿಯನ್ನಷ್ಟೇ ಖರ್ಚು ಮಾಡಿ.

ಸರದಿಯನ್ನು ಯುಗಾದಿಯಿಂದ ಯುಗಾದಿಗೆ ಇಟ್ಟುಕೊಳ್ಳಿ. ಹಬ್ಬಗಳನ್ನು ಹಂಚಲು ಹೋದರೆ ನವರಾತ್ರಿ ಒಬ್ಬನ ತಲೆಗೆ, ತುಳಸಿಪೂಜೆ ಇನ್ನೊಬ್ಬನ ಪಾಲಿಗೆ ಬಂದು ಹೊರೆ ಓರೆಯಾಗುತ್ತದೆ. ದೊಡ್ಡ ಹಬ್ಬದ ಅಡುಗೆ ಯಾರದು ಎಂಬುದೂ ಅದೇ ಕಾಗದದಲ್ಲಿರಲಿ. ಹೊರದೇಶದ ತಮ್ಮ ದುಡ್ಡು ಕಳಿಸಿ "ನನ್ನ ಸರದಿ ಮುಗಿಯಿತು" ಎನ್ನುತ್ತಾನೆ, ಊರಿನ ಅತ್ತಿಗೆ ಐವತ್ತು ಜನಕ್ಕೆ ಬೇಯಿಸುತ್ತಾಳೆ. ಮನಸ್ಸು ಮುರಿಯುವುದು ಇಲ್ಲಿ, ಮಂಗಳಾರತಿ ಯಾರಿಗೆ ಮೊದಲು ಎಂಬಲ್ಲಲ್ಲ. ಅಡುಗೆಯವರನ್ನು ಕರೆಸಲು ಆ ದುಡ್ಡು ಬಳಸುವುದು ಯಾವ ಆಚಾರಕ್ಕೂ ಲೋಪವಲ್ಲ ಎನ್ನುತ್ತೇನೆ. ಬೇರೆ ಗುರುಮಠಕ್ಕೆ ನಡೆದುಕೊಳ್ಳುವ, ಅಥವಾ ನಂಬಿಕೆಯೇ ಇಲ್ಲದ ತಮ್ಮನಿದ್ದರೆ ಅವನ ಸರದಿಯನ್ನು ಬಲವಂತವಾಗಿ ಹೊರಿಸಬೇಡಿ. ಖರ್ಚಿನ ಪಾಲು ಕೊಡುವನೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿ.

ಸರದಿ ಬರೆಯುವವರು ಮರೆಯುವುದು ಸೂತಕವನ್ನು. ಅದು ದಾಯಾದಿಗಳೆಲ್ಲರಿಗೂ ಬರುವುದರಿಂದ ಅಣ್ಣನ ಬದಲು ತಮ್ಮ ಪೂಜೆ ಮಾಡುವೆನೆಂದರೆ ಆಗದು. ಆ ಹತ್ತು ದಿನಕ್ಕೆ ಬೇರೆ ಗೋತ್ರದವರೊಬ್ಬರನ್ನು, ಹತ್ತಿರದ ಅರ್ಚಕರಾದರೂ ಸರಿ, ಮೊದಲೇ ಗೊತ್ತುಮಾಡಿ.

ಯಾರಿಂದಲೂ ಆಗದಿದ್ದರೆ? ಮೂರ್ತಿಗಳನ್ನು ಮಠಕ್ಕೋ ಊರ ದೇವಸ್ಥಾನಕ್ಕೋ ಒಪ್ಪಿಸಬಹುದು. ಮೊದಲು ಕೇಳಿ ಒಪ್ಪಿಗೆ ಪಡೆಯಿರಿ. ಹೇಳದೆ ಕೇಳದೆ ಅಶ್ವತ್ಥಕಟ್ಟೆಯ ಮೇಲೆ ಇಟ್ಟುಬರಬೇಡಿ. ಬೆಳ್ಳಿಯನ್ನೂ ಜೊತೆಗೆ ಕೊಡುವುದಾದರೆ ತೂಕ ನಮೂದಿಸಿದ ರಸೀದಿ ಪಡೆದು, ಅದರ ಪ್ರತಿಯನ್ನು ಎಲ್ಲ ಮಕ್ಕಳಿಗೂ ಕೊಡಿ.