ಬಾವಿಯ ಈಜು, ಮೂಲ್ಕಿಯ ಅಲೆ

ಕಲಬುರಗಿ, 23 ನವೆಂಬರ್ 2025, ರವಿವಾರ

ಹಲಗೆಯ ಮೇಲೆ ನಿಂತು ಅಲೆಯೊಡನೆ ಸಾಗುವ ಸರ್ಫಿಂಗ್ ಕಲಿಯಲು ಹೋಗಿದ್ದ ಕರಾವಳಿಯ ಮೂಲ್ಕಿಯಿಂದ ಮರಳಿ ಮೂರು ದಿನಗಳಾದರೂ, ಹಲಗೆಗೆ ಉಜ್ಜಿ ಮೊಣಕೈಗಳಲ್ಲಿ ಎದ್ದ ತರಚುಗಾಯ ಇನ್ನೂ ಒಣಗಿಲ್ಲ. ಇಂದು ಬೆಳಿಗ್ಗೆ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ಸೀಮೆಸುಣ್ಣದಿಂದ ಎಂಟು ಅಡಿ ಉದ್ದದ ಸರ್ಫಿಂಗ್ ಹಲಗೆಯನ್ನು ಬರೆದು, ನಡುವೆ ಗೆರೆ ಎಳೆದು, ಬೋರಲಾಗಿ ಮಲಗಿ ಎದ್ದು ನಿಲ್ಲುವುದನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿದೆ. ಎದೆಯ ಪಕ್ಕದಲ್ಲಿ ಅಂಗೈ ಊರಿ, ಮೊಣಕಾಲು ತಾಗಿಸದೆ, ಒಂದೇ ನೆಗೆತಕ್ಕೆ ಎರಡೂ ಪಾದಗಳು ಆ ಗೆರೆಯ ಮೇಲೆ ಅಡ್ಡಲಾಗಿ ಬರಬೇಕು. ಇದಕ್ಕೆ ಪಾಪ್-ಅಪ್ ಎನ್ನುತ್ತಾರೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಇಣುಕಿ ನೋಡಿ, "ಸಮುದ್ರ ಅಲ್ಲೇ ಬಿಟ್ಟು ಬಂದಿಲ್ಲೇನಪಾ?" ಎಂದಳು.

ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕಾಕಾ ದಬ್ಬಿದಾಗ. ಆ ಧೈರ್ಯದ ಮೇಲೆಯೇ ಶಾಂಭವಿ ನದಿ ಕಡಲು ಸೇರುವ ಆ ಊರಿಗೆ ಹೋಗಿದ್ದೆ. 2016ರಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದ ಸಸಿಹಿತ್ಲು ಅಲ್ಲಿಂದ ಹತ್ತಿರವೇ. ಆದರೆ ಬಾವಿಯ ನೀರು ಇದ್ದಲ್ಲೇ ಇರುತ್ತದೆ. ಕಡಲು ಸೊಂಟದ ಮಟ್ಟದಲ್ಲಿ ನಿಂತವನನ್ನೂ ನಿಲ್ಲಗೊಡುವುದಿಲ್ಲ. ದಡದ ಸಮೀಪ ಒಡೆದು ಬರುವ ನೊರೆ ಅಲೆ ಹಲಗೆಯ ಹಿಂಬದಿಯನ್ನು ಎತ್ತಿದಾಗಲೆಲ್ಲ ನಾನು ಪಾದ ಸರಿಯಾಗಿ ಬಂತೇ ಎಂದು ಕೆಳಗೆ ನೋಡುತ್ತಿದ್ದೆ, ನೋಡಿದೊಡನೆ ಹಲಗೆಯ ಮೂತಿಯ ಜೊತೆಗೆ ನಾನೂ ಮುಳುಗುತ್ತಿದ್ದೆ. "ಕಾಲು ನೋಡಬೇಡಿ ಸರ್, ದಡ ನೋಡಿ" ಎಂದು ಕಲಿಸುವ ಹುಡುಗ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

ಬೀಳುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ತಲೆ ಕೆಳಗಾಗಿ ಧುಮುಕುವುದು ಬಾವಿಯಲ್ಲಿ ಜಾಣತನ. ಇಲ್ಲಿ ಮರಳು ಮೊಣಕಾಲಿನ ಆಳದಲ್ಲೇ ಇರಬಹುದಾದ್ದರಿಂದ ಮೈಚಾಚಿ ಅಗಲವಾಗಿ ಬೀಳಬೇಕು, ಕಾಲಿಗೂ ಹಲಗೆಗೂ ಕಟ್ಟಿದ ಲೀಶ್ ಎಂಬ ಹಗ್ಗ ಹಲಗೆಯನ್ನು ನಮ್ಮತ್ತಲೇ ಎಳೆದು ತರುವುದರಿಂದ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡೇ ಮೇಲೇಳಬೇಕು. ದಡದಿಂದ ಕಡಲಿನತ್ತ ಎಳೆಯುವ ಸೆಳವಿಗೆ ಸಿಕ್ಕರೆ ಅದಕ್ಕೆದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕಂತೆ. ಮೂರನೆಯ ದಿನ ಕೊನೆಗೂ ಎದ್ದು ನಿಂತೆ, ಮೂರು ಸೆಕೆಂಡು ಇರಬಹುದು.

1980ರ ದಶಕದಲ್ಲಿ ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ ಬೆಳೆದ ಕೋಸ್ಟಿಯರಿಂಗ್ ಎಂಬ ಇನ್ನೊಂದು ಕಡಲ ಆಟ ನನಗೆ ಸರ್ಫಿಂಗ್‌ಗಿಂತಲೂ ಹತ್ತಿರದ್ದೆನಿಸುತ್ತದೆ: ಹೆಲ್ಮೆಟ್, ಲೈಫ್ ಜಾಕೆಟ್, ಹಳೆಯ ಬೂಟು ತೊಟ್ಟು ಕಡಲಂಚಿನ ಬಂಡೆಗಳನ್ನು ಏರಿ, ನಡುವಿನ ನೀರನ್ನು ಈಜಿ, ಮೇಲಿಂದ ಹಾರುವುದು. ಬಾವಿಕಟ್ಟೆಯಿಂದ ಹಾರಿದವರಿಗೆ ಇದೇನು ಮಹಾ ಎನಿಸೀತು. ಆದರೆ ಭರತದಲ್ಲಿ ಹಾರಿದ ಜಾಗದಲ್ಲೇ ಇಳಿತಕ್ಕೆ ಬಂಡೆ ಮೇಲೆದ್ದಿರುತ್ತದೆ.

ಮಳೆಗಾಲದ ಕಡಲು ಕಲಿಯುವವರಿಗಲ್ಲ, ಆದ್ದರಿಂದ ಜನವರಿಯಲ್ಲೇ ಮತ್ತೆ ಹೋಗಬೇಕು. ಅಲ್ಲಿಯವರೆಗೆ ಫರಸಿಯ ಮೇಲಿನ ಗೆರೆ ಅಳಿಸಬೇಡ ಎಂದು ಅವ್ವನಿಗೆ ಹೇಳಿದ್ದೇನೆ. ಅವಳು ಒಪ್ಪಿಲ್ಲ.