ಇಸಿ ಕ್ಲಿಯರ್, ಖಾತಾ ಕ್ಲಿಯರ್, ಬಾವಿ ನೀರು ಮಾತ್ರ ಪೆಟ್ರೋಲ್ ವಾಸನೆ

ಹೋದ ಆಷಾಢದಲ್ಲಿ ನಮ್ಮ ಭಾವ ಶಿವಮೊಗ್ಗ ಪೇಟೆ ಒಳಗೇ ಒಂದು ಸೈಟ್ ನೋಡಿದ್ರು. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ, ಆದ್ರೆ ನೋಡಿಟ್ಕೊಳೋದಕ್ಕೆ ಏನಂತೆ, ರೇಟೂ ಸ್ವಲ್ಪ ಇಳಿದಿರುತ್ತೆ ಅನ್ನೋ ಲೆಕ್ಕ ಅವರದ್ದು. ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋಗೋ ದೂರ, ಎರಡು ಕಡೆ ರೋಡು. ಮೊದಲು ಅಲ್ಲೊಂದು ಪೆಟ್ರೋಲ್ ಬಂಕ್ ಇತ್ತಂತೆ, ಆಮೇಲೆ ಗ್ಯಾರೇಜಾಯ್ತು, ಅದೂ ಮುಚ್ಚಿ ಎಷ್ಟೋ ವರ್ಷ ಆಗಿದೆ, ಈಗ ಶಾಮಿಯಾನದ ಕಂಬ, ಕುರ್ಚಿ ಪೇರಿಸಿಟ್ಟಿದಾರೆ ಅಷ್ಟೆ. ವಕೀಲರು ಮೂವತ್ತು ವರ್ಷದ ಇಸಿ ತೆಗೆಸಿ ನೋಡಿ, ಸಾಲ ಇಲ್ಲ, ತಕರಾರು ಇಲ್ಲ, ಧೈರ್ಯವಾಗಿ ತಗೊಳ್ಳಿ ಅಂದ್ರು.

ಹಿಂದುಗಡೆ ಮೂಲೆಲಿ ಒಂದು ಬಾವಿ, ಮೇಲೆ ಚಪ್ಪಡಿ. ನಮ್ಮಕ್ಕನಿಗೆ ಬಾವಿ ಕಂಡ್ರೆ ಇಣುಕದೇ ಇರಕ್ಕಾಗಲ್ಲ, ತವರಿನ ಅಭ್ಯಾಸ. ಚಪ್ಪಡಿ ಸರಿಸಿ ಕೊಡಪಾನ ಬಿಟ್ವಿ, ಮಳೆಗಾಲ ನೋಡಿ, ಎರಡು ಮಾರು ಹಗ್ಗಕ್ಕೇ ನೀರು ಸಿಕ್ತು. ಮೇಲೆ ಎಳೆದ್ರೆ ನೀರಿನ ಮೇಲೆ ನವಿಲುಗರಿ ಬಣ್ಣದ ತೆಳೂ ಪದರ, ಕೈಯಲ್ಲಿ ಸರಿಸಿದ್ರೆ ಒಡೆದು ಮತ್ತೆ ಬಂದು ಕೂಡ್ಕೊಳ್ಳುತ್ತೆ. ವಾಸನೆ ಅಂತೂ ಕೇಳ್ಬೇಡಿ. ಪಕ್ಕದ ಮನೆ ಅಜ್ಜ ಕಾಂಪೌಂಡ್ ಮೇಲಿಂದಲೇ, "ಅಯ್ಯೋ ಮಾರಾಯ್ರೆ, ಅದು ಮಳೆಗಾಲದಲ್ಲಿ ಮಾತ್ರ ಹಂಗೆ, ಬೇಸಿಗೆಲಿ ಅಷ್ಟು ಗೊತ್ತಾಗಲ್ಲ" ಅಂದ್ರು.

ಅಜ್ಜ ಹೇಳಿದ್ದು ಸರೀನೇ. ಪೆಟ್ರೋಲ್, ಡೀಸೆಲ್ ಎರಡೂ ನೀರಿಗಿಂತ ಹಗುರ. ನೆಲದೊಳಗಿನ ಟ್ಯಾಂಕ್ ತುಕ್ಕು ಹಿಡಿದು ಸೋರಿದ್ರೆ ಅದು ಮಣ್ಣಲ್ಲಿ ಇಳಿದು ಅಂತರ್ಜಲದ ಮೇಲೆ ತೇಲ್ತಾ ಕೂತ್ಕೊಳ್ಳುತ್ತೆ, ಮಳೆಗಾಲದಲ್ಲಿ ನೀರು ಏರಿದಾಗ ಅದೂ ಏರುತ್ತೆ, ಬೇಸಿಗೆಲಿ ಇಳಿಯುತ್ತೆ, ಹಿಂಗೆ ಮೇಲೆ ಕೆಳಗೆ ಓಡಾಡ್ತಾ ನಡುವಿನ ಮಣ್ಣಿಗೆಲ್ಲ ಬಳ್ಕೊಳ್ಳುತ್ತೆ. ಅದರಲ್ಲಿರೋ ಬೆಂಜೀನ್ ಅನ್ನೋದು ಕ್ಯಾನ್ಸರ್ ತರೋ ವಸ್ತು.

ನೀರು ಟೆಸ್ಟಿಗೆ ಕೊಟ್ವಿ. ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಎಲ್ಲಾ ಮಿತಿಯೊಳಗೆ ಅಂತ ರಿಪೋರ್ಟ್ ಬಂತು! ಪೆಟ್ರೋಲ್ ಅವರ ಲಿಸ್ಟಲ್ಲೇ ಇಲ್ಲ. ಒಂದು ಆಫೀಸಿಗೆ ಹೋಗಿ ಕೇಳಿದ್ರೆ ಅಲ್ಲಿದ್ದವರು ನಕ್ಕು, "ಇದಕ್ಕೆ ಅರ್ಜಿ ನಮೂನೆ ಇಲ್ಲ, ನೀವು ಬೇರೆ ಸೈಟ್ ನೋಡ್ಕೊಳ್ಳಿ" ಅಂದ್ರು. ಪ್ರೈವೇಟಾಗಿ ಬೋರ್ ಹೊಡೆಸಿ ಮಣ್ಣು ತೆಗೆಸಿ ದೊಡ್ಡ ಲ್ಯಾಬಿಗೆ ಕಳಿಸ್ಬೇಕು ಅಂದ್ರೆ ಅದರ ಖರ್ಚು ಯಾರದ್ದು? ಮಾರೋರು ನಾನ್ಯಾಕೆ ಕೊಡ್ಲಿ ಅಂತಾರೆ, ಕೊಳ್ಳೋರು ಇನ್ನೂ ನಮ್ಮದಲ್ಲದ ಜಾಗಕ್ಕೆ ನಾವ್ಯಾಕೆ ಕೊಡ್ಬೇಕು ಅಂತೀವಿ. ಇಬ್ಬರದ್ದೂ ನ್ಯಾಯವೇ.

ನನ್ನ ತಲೆ ಕೆಟ್ಟಿದ್ದು ಇಲ್ಲೇ. ಕ್ಲೀನ್ ಮಾಡೋದು ಆಮೇಲಿನ ಮಾತು, ಏನಿದೆ ಅಂತ ತಿಳ್ಕೊಳಕ್ಕೇ ದುಡ್ಡಿಲ್ಲ. ಅಮೆರಿಕದಲ್ಲಿ 2002ರ ಕಾನೂನಿನ ಪ್ರಕಾರ ಊರಿನ ಆಡಳಿತಕ್ಕೆ ಇಂಥ ಜಾಗದ ಮಣ್ಣು ಪರೀಕ್ಷೆ ಮಾಡಿಸಕ್ಕೇ ಪ್ರತ್ಯೇಕ ಅನುದಾನ ಕೊಡ್ತಾರೆ, ಸ್ವಚ್ಛ ಮಾಡೋ ಅನುದಾನ ಬೇರೆ. 2021ರಲ್ಲಿ ಈ ಕೆಲಸಕ್ಕೆ ಇನ್ನೂ 150 ಕೋಟಿ ಡಾಲರ್ ಸೇರಿಸಿದ್ರು. ಬಂಕಿನ ಟ್ಯಾಂಕ್ ಸೋರಿಕೆಗೆ ಅಂತ 1986ರಲ್ಲೇ ಒಂದು ನಿಧಿ ಮಾಡಿದಾರೆ, ಅದಕ್ಕೆ ದುಡ್ಡು ಬರೋದು ಗ್ಯಾಲನ್ನಿಗೆ ಸೆಂಟಿನ ಹತ್ತನೇ ಒಂದು ಭಾಗ ತೆರಿಗೆಯಿಂದ. ಗಾಡಿ ಓಡಿಸೋರಿಗೆ ಗೊತ್ತೂ ಆಗಲ್ಲ. ನಮ್ಮಲ್ಲಿ ಪೆಟ್ರೋಲ್ ಮೇಲೆ ಏನೇನೋ ಸೆಸ್ ಕಟ್ತೀವಿ, ಅದರಲ್ಲಿ ಒಂದೇ ಒಂದು ಪೈಸೆ ಈ ಕಡೆ ಬಂದಿದ್ರೆ ಅನ್ಸುತ್ತೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 2021ರ ಸ್ವಚ್ಛ ಭಾರತ್ ನಗರ ಎರಡನೇ ಹಂತದಲ್ಲಿ ಹಳೇ ಕಸದ ಗುಡ್ಡ ಅಗೆದು ಜರಡಿ ಹಿಡಿದು ಜಾಗ ಬಿಡಿಸಕ್ಕೆ ದುಡ್ಡಿಟ್ರು, ನಮ್ಮಂಥ ಒಂದರಿಂದ ಹತ್ತು ಲಕ್ಷ ಜನರಿರೋ ಊರಿಗೆ ಮೂರರಲ್ಲಿ ಒಂದು ಪಾಲು ಕೇಂದ್ರದ್ದು. ಕಸದ ಗುಡ್ಡ ಕಣ್ಣಿಗೆ ಕಾಣುತ್ತೆ, ಫೋಟೋಕ್ಕೂ ಬರುತ್ತೆ. ನೆಲದೊಳಗಿನ ವಿಷಕ್ಕೆ 2025ರ ಜುಲೈಲಿ ಬೇರೆ ನಿಯಮ ಬಂತು: ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನ ಇರೋ ಜಾಗಗಳ ಪಟ್ಟಿ ಕೊಡ್ಬೇಕು, 90 ದಿನದಲ್ಲಿ ಮೊದಲ ಪರೀಕ್ಷೆ, ಕೆಡಿಸಿದವನೇ ಖರ್ಚು ಕೊಡ್ಬೇಕು, ಅವನು ಸಿಗದಿದ್ರೆ, ಅವನ ಕೈಲಿ ಆಗದಿದ್ರೆ ಕೇಂದ್ರ ರಾಜ್ಯ ಸೇರಿ ಹಾಕ್ಬೇಕು. ಓದಕ್ಕೆ ಬಹಳ ಚೆನ್ನಾಗಿದೆ. ಆದ್ರೆ ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದು 103 ಜಾಗ, ಕೆಲಸ ಶುರುವಾಗಿದ್ದು 7ರಲ್ಲಿ. ನಮ್ಮ ಭಾವನ ಬಂಕು ಈ ಸಾಲಲ್ಲಿ ಯಾವಾಗ ನಿಲ್ಲೋದು ಹೇಳಿ.

ಕೆಡಿಸಿದವನಿಂದ ವಸೂಲಿ ಮಾಡೋ ಕಥೆನೂ ಅಷ್ಟೇ. ರಾಜಸ್ಥಾನದ ಉದಯಪುರದ ಹತ್ರ ಬಿಚ್ರಿ ಅನ್ನೋ ಹಳ್ಳಿ, ಕಾರ್ಖಾನೆ ಕೆಸರಿನಿಂದ ಬಾವಿಗಳ ನೀರಿನ ಬಣ್ಣವೇ ತಿರುಗಿ ಹೋಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳೇ ಖರ್ಚು ಕೊಡ್ಬೇಕು ಅಂತು, ಅವರು ಎಳೆದಾಡಿ ಎಳೆದಾಡಿ 2011ರಲ್ಲಿ ಕೋರ್ಟೇ ಮತ್ತೆ 37 ಕೋಟಿ ಚಿಲ್ಲರೆಗೆ ಚಕ್ರಬಡ್ಡಿ ಸೇರಿಸಿ ಕಟ್ಟಿ ಅನ್ಬೇಕಾಯ್ತು. ಹದಿನೈದು ವರ್ಷ. ಅದಕ್ಕೇ ನಾನು ಹೇಳೋದು, ಮೊದಲು ಸರ್ಕಾರದ ದುಡ್ಡು ಹಾಕಿ ಮಣ್ಣು ನೋಡ್ಲಿ, ಆಮೇಲೆ ವಸೂಲಿ ಮಾಡ್ಕೊಳ್ಲಿ. ಪೆಟ್ರೋಲ್ ಮಣ್ಣು ಸರಿ ಮಾಡಕ್ಕಾಗದ್ದೇನಲ್ಲ, ಅಗೆದು ರಾಶಿ ಹಾಕಿ ಗಾಳಿ ಆಡಿಸಿದ್ರೆ ಸೂಕ್ಷ್ಮಾಣುಗಳೇ ತಿಂದು ಮುಗಿಸ್ತವೆ, ಸುಮಾರಾಗಿ ಗೊಬ್ಬರದ ಗುಂಡಿ ಥರಾನೇ. ಹಳೇ ಬ್ಯಾಟರಿ ಒಡೆಯೋ ಜಾಗದ ಸೀಸ ಆದ್ರೆ ಹಂಗಲ್ಲ, ಅದನ್ನ ಯಾವ ಹುಳಾನೂ ತಿಂದು ಮುಗಿಸಲ್ಲ.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ತುಂಗೆ ದಡಕ್ಕೆ, ಫುಟ್‌ಪಾತಿಗೆ ದುಡ್ಡು ಬಂತು, ಬೇಡ ಅನ್ನಲ್ಲ, ಸಾಯಂಕಾಲ ನಾನೂ ಅಲ್ಲೇ ವಾಕಿಂಗ್ ಹೋಗೋದು. ಆದ್ರೆ ಪೇಟೆ ನಡುವಿನ ಜಾಗ ಹಿಂಗೆ ಹೆದರ್ಕೊಂಡು ಖಾಲಿ ಬಿಟ್ಟು, ಊರು ಮಾತ್ರ ಗದ್ದೆ ತೋಟ ಮುಚ್ಕೊಂಡು ಬೆಳೀತಿದೆ. ಭಾವನೂ ಕೊನೆಗೆ ಅದನ್ನೇ ಮಾಡಿದ್ರು, ಊರಾಚೆ ಒಂದು ಲೇಔಟಲ್ಲಿ ತಗೊಂಡ್ರು, ಹಿಂದಿನ ವರ್ಷ ಅಲ್ಲಿ ಭತ್ತ ಇತ್ತು.

ಮೊನ್ನೆ ಅದೇ ಬ್ರೋಕರ್ ಫೋನ್ ಮಾಡಿದ್ದ. ಸೈಟ್ ಇನ್ನೂ ಇದೆ ಸಾರ್, ನಿಮ್ಮ ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ಆ ಬಾವಿಗೆ ಎರಡು ಲೋಡ್ ಕಟ್ಟಡದ ಕಸ ಹಾಕಿ ಮುಚ್ಚಿಸಿದೀವಿ, ಈಗ ವಾಸನೆ ಗೀಸನೆ ಏನೂ ಇಲ್ಲ ಅಂದ.